ಅಲ್ಲೇ ಉಳಿದಿದ್ದರೆ ಏನು ಸಿಗುತ್ತಿತ್ತು?

ನಮ್ಮವರು ಎಲ್ಲಿ ಸೇರಿದರೂ ಹೊಸಬರನ್ನು ಕಂಡ ಐದು ನಿಮಿಷದೊಳಗೆ ಊರು ಕೇಳುತ್ತಾರೆ. ಊರು ಗೊತ್ತಾಯಿತೋ, ಅಲ್ಲಿನ ಯಾರದೋ ಹೆಸರು ಹೇಳಿ ‘ಅವರು ನಿಮಗೆ ಗೊತ್ತಿರಲೇಬೇಕು’ ಅನ್ನುತ್ತಾರೆ. ಅದರ ಬೆನ್ನಿಗೇ, ಬಾಯಿಬಿಟ್ಟು ಕೇಳದೆ, ಇವರು ಯಾರ ಪೈಕಿ ಎಂದು ಅಂದಾಜು ಹಾಕುವ ಕೆಲಸ ಶುರುವಾಗುತ್ತದೆ. ಹೆಸರಿನ ಹಿಂದುಮುಂದು ಏನಿದೆ, ಎಲೆಯಲ್ಲಿ ಏನು ಬಿಟ್ಟರು, ಮಾತಿನ ಧಾಟಿ ಯಾವ ಕಡೆಯದು, ಎಲ್ಲ ಲೆಕ್ಕಕ್ಕೆ ಬರುತ್ತದೆ. ಮಧ್ಯಾಹ್ನ ಮೂರೂವರೆಗೇ ಕತ್ತಲಾಗುವ ಸ್ಟಾಕ್‌ಹೋಮ್‌ನ ನವೆಂಬರಿನಲ್ಲಿ ರಾಜ್ಯೋತ್ಸವ ಮಾಡಿದರೂ ಈ ಪದ್ಧತಿ ತಪ್ಪುವುದಿಲ್ಲ.

ಕೆಲವು ವರ್ಷಗಳ ಹಿಂದೆ ಅಂಥ ಒಂದು ಊಟದ ಸಾಲಿನಲ್ಲಿ ಆಕೆ ನಿಂತಿದ್ದಳು. ವಯಸ್ಸು ನಲವತ್ತರ ಆಸುಪಾಸು. ಕೋಲಾರದ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತಿದ್ದರೆ ಎರಡನೇ ಸಲ ತಿರುಗಿ ನೋಡುತ್ತಿರಲಿಲ್ಲ, ಅಷ್ಟು ನಮ್ಮ ಮುಖ. ಬಿಸಿಬೇಳೆ ಬಾತ್ ಬಡಿಸುತ್ತಿದ್ದ ಹಿರಿಯರೊಬ್ಬರು ಕನ್ನಡದಲ್ಲಿ ಊರು ಕೇಳಿದರು. ಆಕೆ ಇಂಗ್ಲಿಷಿನಲ್ಲಿ, ಸ್ವೀಡನ್ನಿನವರ ಆ ಏರಿಳಿತದ ರಾಗದಲ್ಲಿ, ಹುಟ್ಟಿದ್ದು ಬೆಂಗಳೂರು, ಹಾಲು ಕುಡಿಯುವ ಕೂಸಾಗಿದ್ದಾಗ ದತ್ತು ಬಂದದ್ದು, ಬೆಳೆದದ್ದು ಉಪ್ಸಲಾದಲ್ಲಿ ಅಂದಳು. ಸೌಟು ಅರ್ಧದಲ್ಲಿ ನಿಂತಿತು. ‘ಅಯ್ಯೋ ಪಾಪ’ ಅಂದವರು ಅವರೇ. ಹಿಂದೆ ನಿಂತಿದ್ದ ಇನ್ನೊಬ್ಬರು ನನ್ನ ಕಡೆ ಬಗ್ಗಿ, ‘ನೋಡಿ, ಎಂಥಾ ಸಂಸ್ಕೃತಿ ಕಳ್ಕೊಂಡ್ಬಿಟ್ಲು ಹುಡುಗಿ’ ಅಂದರು. ನಲವತ್ತು ವರ್ಷದ ಹೆಂಗಸನ್ನು ಹುಡುಗಿ ಅಂದದ್ದೂ ಆ ‘ಪಾಪ’ದ ಭಾಗವೇ. ಆಕೆಗೆ ಕನ್ನಡ ಬರುತ್ತಿರಲಿಲ್ಲ, ತಟ್ಟೆ ಹಿಡಿದು ನಗುತ್ತ ಮುಂದೆ ಹೋದಳು. ನನಗೆ ಬರುತ್ತಿತ್ತಲ್ಲ, ಮಾತು ನನ್ನ ತಲೆಯಲ್ಲೇ ಉಳಿಯಿತು.

ಆಮೇಲೆ ನಾವು ಗೆಳತಿಯರಾದೆವು. ಎಷ್ಟೋ ಸಂಗತಿಗಳು ಗೊತ್ತಾದವು. ಆದರೆ ಆ ಮಾತು ಮಾತ್ರ ಕಾಲಿಗೆ ಹೊಕ್ಕ ಮುಳ್ಳಿನ ಹಾಗೆ ಕೆದಕುತ್ತಲೇ ಇತ್ತು. ಅಲ್ಲೇ ಉಳಿದಿದ್ದರೆ ಆಕೆಗೆ ಸಿಗುತ್ತಿದ್ದ ಸಂಸ್ಕೃತಿ ಯಾವುದು? ಎಂಬತ್ತರ ದಶಕದ ಆರಂಭದಲ್ಲಿ ಬೆಂಗಳೂರಿನ ಅನಾಥಾಲಯವೊಂದರ ಸಾಲು ತೊಟ್ಟಿಲುಗಳಲ್ಲಿ ಒಂದರಲ್ಲಿದ್ದ, ತಂದೆಯ ಹೆಸರಿನ ಜಾಗದಲ್ಲಿ ಗೀಟು ಎಳೆಸಿಕೊಂಡ, ತೂಕ ಕಮ್ಮಿ ಇದ್ದ ಕಪ್ಪು ಹೆಣ್ಣುಮಗುವಿಗೆ ನಾವು ನಮ್ಮ ಯಾವ ಹಬ್ಬ, ಯಾವ ಗೋತ್ರ, ಯಾವ ಊರ ಜಾತ್ರೆ ಎತ್ತಿಟ್ಟಿದ್ದೆವು?

ರಕ್ತವೋ ಕಿವಿಯೋ

ಶಿಸ್ತಾದಲ್ಲಿ (ಬರೆಯುವುದು ಕಿಸ್ತಾ ಎಂದು, ಐಟಿಯವರು ಹೆಚ್ಚಿರುವ ಬಡಾವಣೆ) ಭಾನುವಾರ ನಾನೊಂದು ಕನ್ನಡ ತರಗತಿ ನಡೆಸುತ್ತೇನೆ. ಬರುವವರು ನಮ್ಮವರ ಮಕ್ಕಳು, ಬರಲು ಮನಸ್ಸಿಲ್ಲದೆ ಬರುವವರು. ಅವರ ನಡುವೆ ಮನಸ್ಸಿಟ್ಟು ಬರತೊಡಗಿದವಳು ಆಕೆಯೊಬ್ಬಳೇ. ಆರು ವರ್ಷದ ಮಕ್ಕಳ ಪಕ್ಕ ಕೂತು ಅ ಆ ಇ ಈ ತಿದ್ದಿದಳು. ಸ್ವೀಡಿಷ್‌ನಲ್ಲಿ ‘ಜ’ ಇಲ್ಲ, ಆ ಅಕ್ಷರವನ್ನು ಅವರು ‘ಯ’ ಅನ್ನುತ್ತಾರೆ. ಹಾಗಾಗಿ ಆಕೆಯ ಬಾಯಲ್ಲಿ ಜೋಳ ‘ಯೋಳ’ವಾಗುತ್ತಿತ್ತು, ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಆದರೆ ‘ತ’ಕ್ಕೂ ‘ಟ’ಕ್ಕೂ ಇರುವ ವ್ಯತ್ಯಾಸ ಒಂದೇ ಸಲಕ್ಕೆ ಬಂತು. ‘ಣ’ ಕೂಡ. ಮೊಮ್ಮಗನನ್ನು ಬಿಡಲು ಬಂದಿದ್ದ ಅಜ್ಜ ಒಬ್ಬರು ಅದನ್ನು ಕೇಳಿ ಎದ್ದೇ ನಿಂತರು. ‘ರಕ್ತ ಕಣ್ರೀ! ನಲವತ್ತು ವರ್ಷ ಆದ್ರೂ ಎಲ್ಲಿಗೆ ಹೋಗುತ್ತೆ?’

ಅವರ ಸಂತೋಷ ಕೆಡಿಸಲು ನನಗಿಷ್ಟವಿರಲಿಲ್ಲ. ಆದರೂ ಹೇಳಬೇಕಾಯಿತು: ಉಪ್ಸಲಾ, ಸ್ಟಾಕ್‌ಹೋಮ್ ಕಡೆಯ ಸ್ವೀಡಿಷ್‌ನಲ್ಲಿ ರಕಾರದ ಬೆನ್ನಿಗೆ ತ, ದ, ನ ಬಂದರೆ ಎರಡೂ ಸೇರಿ ನಮ್ಮ ಟ, ಡ, ಣಗಳೇ ಆಗುತ್ತವೆ. ಮಗುವಿಗೆ ಅವರು ಅನ್ನುವುದು ‘ಬಾಣ್’, ಕೊನೆಯಲ್ಲಿ ಅಪ್ಪಟ ಣಕಾರ. ಆಕೆಯ ಹೊಂಬಣ್ಣದ ಕೂದಲಿನ ಗಂಡನಿಗೂ ಅದು ಸಲೀಸಾಗಿ ಬರುತ್ತದೆ. ದಕ್ಷಿಣದ ಸ್ಕೋನೆ ಕಡೆಯವರಿಗೆ ಬರುವುದಿಲ್ಲ, ಅವರ ರಕಾರವೇ ಗಂಟಲಿನದು. ಆಕೆ ಆ ಕಡೆಯ ಮಾಲ್ಮೋದಲ್ಲಿ ಬೆಳೆದಿದ್ದರೆ ಆ ಅಜ್ಜನ ರಕ್ತಸಿದ್ಧಾಂತಕ್ಕೆ ಸ್ವಲ್ಪ ಬೆಲೆ ಬರುತ್ತಿತ್ತೇನೋ.

ಹಾಗಂತ ಏನೂ ಉಳಿಯುವುದಿಲ್ಲ ಎಂದಲ್ಲ. ಭಾರತದಿಂದ ಅಮೆರಿಕಕ್ಕೆ ದತ್ತು ಹೋದ ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಬಿಟ್ಟು ಬೇರೇನೂ ಬಾರದ, ಎಂಟರಿಂದ ಹದಿನಾರು ವರ್ಷದ ಮಕ್ಕಳು. ತ-ಟ ಭೇದ ಮೊದಲಿಗೆ ಅವರಿಗೂ ಕೇಳಿಸಲಿಲ್ಲ, ಅಮೆರಿಕದಲ್ಲೇ ಹುಟ್ಟಿದ ಮಕ್ಕಳಿಗೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತು ಅಭ್ಯಾಸ ಮಾಡಿಸಿದ ಮೇಲೆ ಭಾರತದಿಂದ ಹೋದ ಮಕ್ಕಳ ಕಿವಿ ತೆರೆಯಿತು, ಉಳಿದವರದು ತೆರೆಯಲಿಲ್ಲ. ನೆದರ್‌ಲೆಂಡ್ಸ್‌ಗೆ ದತ್ತು ಹೋದ ಕೊರಿಯನ್ನರ ಮೇಲೆ 2017ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ವಿಚಿತ್ರ: ಆರು ತಿಂಗಳೂ ತುಂಬುವ ಮೊದಲೇ ಹೋದವರು ಕೂಡ ದೊಡ್ಡವರಾದ ಮೇಲೆ ಕೊರಿಯನ್ ಉಚ್ಚಾರಗಳನ್ನು ಬೇರೆ ಡಚ್ಚರಿಗಿಂತ ಬೇಗ ಕಲಿತರು. ಮಾತು ಬರುವ ಮೊದಲೇ ಕಿವಿ ಏನನ್ನೋ ಹಿಡಿದಿಟ್ಟಿರುತ್ತದೆ. ಅದು ರಕ್ತದಿಂದ ಬಂದದ್ದಲ್ಲ. ತೊಟ್ಟಿಲ ಸುತ್ತ ಯಾರು ಯಾವ ಭಾಷೆ ಆಡುತ್ತಿದ್ದರು ಎಂಬುದರಿಂದ ಬಂದದ್ದು. ಆಕೆಯ ವಿಷಯದಲ್ಲಿ ಹಾಗೆ ಆಡುತ್ತಿದ್ದವರು ಯಾರು ಎಂದು ತಿಳಿದದ್ದು ಆಮೇಲೆ.

ಬಾಳೆಹಣ್ಣು ಹಾಕಿದ ಕೋಳಿ

ಆಕೆಯ ಸ್ವೀಡಿಷ್ ತಂದೆ ಶಾಲೆಯ ಮೇಷ್ಟ್ರು, ತಾಯಿ ನರ್ಸ್. ಮಗಳಿಗೆ ತನ್ನ ದೇಶ ಮರೆಯಬಾರದೆಂದು ಅವರು ಪಟ್ಟ ಪಾಡು ಕೇಳಿದರೆ ನಗುವೂ ಬರುತ್ತದೆ, ಗೌರವವೂ ಬರುತ್ತದೆ. ಗೋಡೆಯ ಮೇಲೆ ತಾಜ್‌ಮಹಲಿನ ಚಿತ್ರ, ಬೀರುವಿನ ಮೇಲೆ ಹಿತ್ತಾಳೆ ಆನೆ, ಶನಿವಾರ ರಾತ್ರಿ ಕರಿಪುಡಿ ಹಾಕಿ ಬಾಳೆಹಣ್ಣು ಸೇರಿಸಿ ಬೇಯಿಸಿದ ಕೋಳಿ. ಬೇಸಿಗೆಯಲ್ಲಿ ಭಾರತದಿಂದ ಬಂದ ಮಕ್ಕಳ ಕುಟುಂಬಗಳೆಲ್ಲ ಕೆರೆಯ ದಂಡೆಯಲ್ಲಿ ಸೇರಿ ಶಿಬಿರ ನಡೆಸುತ್ತಿದ್ದರು. ತಾಯಂದಿರು ಸೀರೆ ಉಟ್ಟು ಎಡವುತ್ತ ಓಡಾಡುತ್ತಿದ್ದರು. ಆಕೆಗೆ ಆ ಶಿಬಿರದ ನೃತ್ಯ ಎಂದರೆ ಆಗುತ್ತಿರಲಿಲ್ಲ. ಬಾಳೆಹಣ್ಣಿನ ಕೋಳಿ ಮಾತ್ರ ಈಗಲೂ ಇಷ್ಟ. ಅದು ಆಕೆಯ ಅಮ್ಮನ ಕೈ ಅಡುಗೆ, ಅದರಲ್ಲಿ ಭಾರತವನ್ನು ಹುಡುಕಲು ಹೋಗುವವರು ನಾವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆಕೆಗೆ ಸಂಸ್ಕೃತಿ ಇಲ್ಲ ಎನ್ನುವುದು ಶುದ್ಧ ಸುಳ್ಳು. ಮಧ್ಯಬೇಸಿಗೆಯಲ್ಲಿ ಕಂಬದ ಸುತ್ತ ಕುಣಿಯುವುದು, ಆಗಸ್ಟಿನಲ್ಲಿ ಸೀಗಡಿಯಂಥ ಕ್ರೇಫಿಶ್ ಸಿಪ್ಪೆ ಬಿಡಿಸುತ್ತ ಹಾಡುವುದು, ಯಾರ ಮನೆಗೆ ಹೋದರೂ ಬಾಗಿಲಲ್ಲೇ ಶೂ ಬಿಚ್ಚುವುದು, ಎಲ್ಲ ಆಕೆಗೆ ಉಸಿರಾಡಿದಷ್ಟು ಸಹಜ. ಕೊರತೆ ಇದ್ದದ್ದು ಬೇರೆ ಕಡೆ. ಡಿಸೆಂಬರ್ 13ರ ಲೂಸಿಯಾ ಹಬ್ಬದಲ್ಲಿ ತಲೆಯ ಮೇಲೆ ದೀಪದ ಕಿರೀಟ ಹೊತ್ತು ಸಾಲಿನ ಮುಂದೆ ನಡೆಯುವ ಹುಡುಗಿಗೆ ಇಂಥದೇ ಬಣ್ಣದ ಕೂದಲಿರಬೇಕೆಂದು ಎಲ್ಲೂ ಬರೆದಿಲ್ಲ. ಆದರೂ ಆಕೆ ಪ್ರತಿ ವರ್ಷ ಹಿಂದಿನ ಸಾಲಿನಲ್ಲಿ ಮೋಂಬತ್ತಿ ಹಿಡಿದವಳೇ. ಈಗಲೂ ಪಾರ್ಟಿಗಳಲ್ಲಿ ‘ಎಲ್ಲಿಯವರು?’ ಎಂದು ಕೇಳುತ್ತಾರೆ, ‘ಉಪ್ಸಲಾ’ ಎಂದರೆ ‘ಅಲ್ಲ, ನಿಜವಾಗಿ?’ ಎನ್ನುತ್ತಾರೆ. ನಮ್ಮ ಬಿಸಿಬೇಳೆ ಬಾತಿನ ಸಾಲಿನಲ್ಲೂ ಅದೇ ಪ್ರಶ್ನೆ, ಅದೇ ಅಪನಂಬಿಕೆ. ಎರಡು ದೇಶಗಳೂ ಆಕೆಯನ್ನು ಇನ್ನೊಂದರ ಲೆಕ್ಕಕ್ಕೆ ಬರೆಯುತ್ತಿದ್ದವು.

ಈ ಮಾತಿಗೆ ಕ್ರೂರವಾದ ಉದಾಹರಣೆಯೂ ಇದೆ. ಮುಂಬೈಯಿಂದ ಮಗುವಾಗಿ ಅಮೆರಿಕಕ್ಕೆ ದತ್ತು ಹೋದ ಮಹಿಳೆಯೊಬ್ಬಳಿಗೆ ಪೌರತ್ವದ ಕಾಗದವನ್ನೇ ಯಾರೂ ಪೂರ್ತಿ ಮಾಡಿಸಿರಲಿಲ್ಲ. ಅಪರಾಧವೊಂದರಲ್ಲಿ ಸಿಕ್ಕಿದ ಮೇಲೆ ಅದು ಬೆಳಕಿಗೆ ಬಂದು, ಗಂಡ-ಮಕ್ಕಳನ್ನು ಬಿಟ್ಟು 2008ರಲ್ಲಿ ಆಕೆ ಮುಂಬೈಗೆ ಗಡೀಪಾರಾದಳು. ಅಲ್ಲಿನ ಒಂದು ಭಾಷೆಯೂ ಬಾರದು, ಗೊತ್ತಿದ್ದವರು ಒಬ್ಬರೂ ಇಲ್ಲ. ಸರ್ಕಾರದ ಲೆಕ್ಕದಲ್ಲಿ ಅದು ‘ವಾಪಸು’ ಕಳಿಸಿದ್ದು.

ಸ್ಟೀಲ್ ಸ್ಕೇಲು

ಆಕೆ ಬೆಂಗಳೂರಿಗೆ ಹೋಗುವ ವೇಳೆಗೆ ನಾನೂ ರಜೆಗೆ ಅಲ್ಲೇ ಇದ್ದೆ. ಮಾತಿಗೆ ಜೊತೆಯಾಗಲಿ ಎಂದು ಕರೆದಳು. ಯಾವ ಸಂಸ್ಥೆ ಎನ್ನುವುದು ಇಲ್ಲಿ ಬೇಡ. ಎತ್ತರದ ಕಾಂಪೌಂಡು, ಒಳಗೆ ಹಲಸಿನ ಮರ, ಒಣಗಿಸಿದ ಸಣ್ಣ ಸಣ್ಣ ಬಟ್ಟೆಗಳ ಉದ್ದ ಸಾಲು. ಆಫೀಸಿನಲ್ಲಿದ್ದ ಸಮಾಜ ಕಾರ್ಯಕರ್ತೆಗೆ ಮೂವತ್ತೂ ಆಗಿರಲಿಕ್ಕಿಲ್ಲ. ಬಹಳ ಮರ್ಯಾದೆಯ ಹುಡುಗಿ. ಕೆಂಪು ಬಟ್ಟೆಯ ರಟ್ಟಿನ ದೊಡ್ಡ ರಿಜಿಸ್ಟರ್ ತಂದು ಮೇಜಿನ ಮೇಲೆ ಬಿಚ್ಚಿದಳು. ಡ್ರಾಯರಿನಿಂದ ಒಂದು ಸ್ಟೀಲ್ ಸ್ಕೇಲು ತೆಗೆದು ಪುಟದ ಮೇಲೆ ಉದ್ದಕ್ಕೆ ಇಟ್ಟಳು. ‘ಮೇಡಂ, ಸಾರಿ. ತಾಯಿ ಹೆಸರು, ಊರು ಇರೋ ಕಾಲಂ ತೋರಿಸೋ ಹಾಗಿಲ್ಲ. ಅವರ ಒಪ್ಪಿಗೆ ಬೇಕು. ಮಿಕ್ಕಿದ್ದು ನೋಡಿ.’

ಮಿಕ್ಕಿದ್ದನ್ನು ನೋಡಿದೆವು. ಬಂದ ದಿನಾಂಕ, ನೀಲಿ ಇಂಕಿನ ಕೂಡಕ್ಷರದಲ್ಲಿ. ತೂಕ ಎರಡು ಕಿಲೋಗೆ ಸ್ವಲ್ಪ ಮೇಲೆ. ಇಟ್ಟ ಹೆಸರು, ಆ ಪುಟದ ಹೆಸರುಗಳೆಲ್ಲ ‘ಮ’ದಿಂದಲೇ ಶುರುವಾಗಿದ್ದವು, ಹಿಂದಿನ ಪುಟದವು ‘ಲ’ದಿಂದ. ತನಗೆ ಹೆಸರಿಟ್ಟವರು ಯಾಕೆ ಆ ಹೆಸರನ್ನೇ ಇಟ್ಟರೆಂದು ಬಾಲ್ಯವಿಡೀ ಕಥೆ ಕಟ್ಟಿಕೊಂಡಿದ್ದಳಂತೆ. ಅದು ಸರದಿಯ ಮೇಲೆ ಬಂದದ್ದು. ಧರ್ಮದ ಕಾಲಂನಲ್ಲಿ ಗೀಟು. ಅದರ ಪಕ್ಕ, ತಾಯಿಯ ಭಾಷೆ: ತೆಲುಗು.

ಆಕೆ ಅದನ್ನು ಎರಡು ಸಲ ಓದಿದಳು. ‘ಹಾಗಾದರೆ ಈ ಎರಡು ವರ್ಷ ನೀನು ನನಗೆ ಏನು ಕಲಿಸುತ್ತಿದ್ದೀಯ?’ ಎಂದು ಸ್ವೀಡಿಷ್‌ನಲ್ಲಿ ನನ್ನನ್ನು ಕೇಳಿದಳು. ಸಿಟ್ಟಿನಿಂದಲ್ಲ, ಲೆಕ್ಕ ತಪ್ಪಿದ ಬಿಲ್ಲು ಹಿಡಿದು ಅಂಗಡಿಯವನನ್ನು ಕೇಳಿದ ಧಾಟಿಯಲ್ಲಿ. ನಾನು ಅನುವಾದಿಸಿದಾಗ ಸಮಾಜ ಕಾರ್ಯಕರ್ತೆ ನಕ್ಕುಬಿಟ್ಟಳು. ‘ಬೆಂಗಳೂರಲ್ಲಿ ಅದೆಲ್ಲ ಯಾರು ನೋಡ್ತಾರೆ ಮೇಡಂ? ನಮ್ಮನೇಲೂ ತೆಲುಗೇ.’

ಅಷ್ಟರಲ್ಲಿ ಸುದ್ದಿ ಕೇಳಿ ಹಳೆಯ ಆಯಾ ಒಬ್ಬರು ಬಂದರು. ಕೆಲಸ ಬಿಟ್ಟು ವರ್ಷಗಳಾದರೂ ಕಾಂಪೌಂಡಿನಲ್ಲೇ ಇದ್ದಾರೆ. ಆಕೆಯ ಕೆನ್ನೆ ಹಿಡಿದು, ಕಿವಿ ಚುಚ್ಚಿಸಿದೆಯೋ ಎಂದು ನೋಡಿ, ‘ಗಂಡ ಬಂದಿಲ್ವಾಮ್ಮಾ? ಮಕ್ಕಳೆಷ್ಟು?’ ಎಂದು ತಮಿಳು ಬೆರೆತ ಕನ್ನಡದಲ್ಲಿ ವಿಚಾರಿಸಿದರು. ಫೋನಿನಲ್ಲಿ ಮಗನ ಫೋಟೋ ತೋರಿಸಿದರೆ ‘ಅಯ್ಯ, ದೊರೆ ಮಗು!’ ಅಂದರು. ಆಗ ಇಲ್ಲಿ ಯಾವ ಭಾಷೆ ಆಡುತ್ತಿದ್ದಿರಿ ಎಂದು ನಾನು ಕೇಳಿದೆ. ಸಿಸ್ಟರುಗಳು ಮಂಗಳೂರಿನವರು, ಅವರವರಲ್ಲಿ ಕೊಂಕಣಿ. ಆಯಾಗಳೆಲ್ಲ ತಮಿಳು. ಬಟ್ಟೆ ಒಗೆಯುವವಳು ಉರ್ದು. ಕನ್ನಡ ಎಂದರೆ ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರಮ್ಮ, ಅವರು ಬಂದರೆ ಸೂಜಿ ಚುಚ್ಚುತ್ತಾರೆಂದು ಮಕ್ಕಳೆಲ್ಲ ಅಳುತ್ತಿದ್ದವಂತೆ. ನಮ್ಮ ಶಿಸ್ತಾದ ಅಜ್ಜನಿಗೆ ಇದನ್ನು ನಾನಿನ್ನೂ ಹೇಳಿಲ್ಲ.

ಅಂದರೆ ಆಕೆ ಕಳೆದುಕೊಂಡದ್ದೆಂದು ನಾವು ಮರುಗಿದ್ದ ಕನ್ನಡ ಸಂಸ್ಕೃತಿ ಆಕೆಯ ತೊಟ್ಟಿಲ ಹತ್ತಿರ ಸುಳಿದದ್ದೇ ಕಮ್ಮಿ. ಅಲ್ಲಿದ್ದದ್ದು ಬೆಂಗಳೂರಿನ ಕೆಲಸದ ಹೆಂಗಸರ ಸಂಸ್ಕೃತಿ, ನಾಲ್ಕು ಭಾಷೆಯದು. ಅದರ ನೆನಪಿಗೆ ಯಾರೂ ಶಿಬಿರ ನಡೆಸುವುದಿಲ್ಲ, ಅದರ ಚಿತ್ರವೂ ಗೋಡೆಗೆ ಬರುವುದಿಲ್ಲ.

ಉಳಿದವರು ಏನಾದರು ಎಂದು ಆಕೆ ಆಯಾರನ್ನು ಕೇಳಿದಳು, ಅದೇ ಪುಟದ ‘ಮ’ ಹೆಸರಿನವರು. ಕೆಲವರು ತೀರಿಕೊಂಡರು, ಆಗ ಮಕ್ಕಳು ಬಹಳ ಸಾಯುತ್ತಿದ್ದವು. ಕೆಲವರು ಹೊರದೇಶ. ಒಬ್ಬಳು ಇಲ್ಲೇ ಓದಿ ಹೊಲಿಗೆ ಕಲಿತಳು. ಗಂಡಿನ ಕಡೆಯವರು ಮೂರು ಸಲ ಬಂದು ನೋಡಿ, ಹುಡುಗಿ ಒಪ್ಪಿಗೆ ಎಂದು ಹೇಳಿ, ಜಾತಿ ಏನು ಬರೆಸುವುದೆಂದು ಕೇಳಿ ಎದ್ದು ಹೋದರು. ಕೊನೆಗೆ ಮದುವೆಯಾಯಿತು, ಚೆನ್ನಾಗಿದ್ದಾಳೆ, ಕ್ರಿಸ್ಮಸ್‌ಗೆ ಕೇಕ್ ಕಳಿಸುತ್ತಾಳೆ. ಆಯಾ ಇದನ್ನು ದೂರಿನ ಹಾಗೆ ಹೇಳಲಿಲ್ಲ, ಮಳೆ ಬಂತು ಹೋಯಿತು ಎನ್ನುವ ಹಾಗೆ ಹೇಳಿದರು.

ನಮ್ಮಲ್ಲಿ ದತ್ತು ಹೊಸದೇನಲ್ಲ. ಮೈಸೂರಿನ ಗಾದಿಯೇ ದತ್ತುಮಕ್ಕಳಿಂದ ಉಳಿದು ಬಂದದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡದ್ದನ್ನು ಬ್ರಿಟಿಷರು ಒಪ್ಪುವಂತೆ ಮಾಡಲು ಎಷ್ಟು ಹೋರಾಡಬೇಕಾಯಿತು. 2015ರಲ್ಲಿ ಯದುವೀರರ ದತ್ತು ಸ್ವೀಕಾರವನ್ನು ಊರಿಗೆ ಊರೇ ಟಿವಿಯಲ್ಲಿ ನೋಡಿತು. ಆದರೆ ಅದು ವಂಶ ಗೊತ್ತಿರುವ ಮಗು. ಅಣ್ಣನ ಮಗ, ಅಕ್ಕನ ಮೊಮ್ಮಗ, ದಾಯಾದಿಯ ಮನೆಯ ಮೂರನೆಯವನು, ಇಂಥವರಿಗೆ ನಮ್ಮ ಮಡಿಲು ಯಾವತ್ತೂ ತೆರೆದೇ ಇದೆ. ವಂಶ ಗೊತ್ತಿಲ್ಲದ ಮಗುವಿಗೆ ನಾವು ಕೊಡುವುದು ಕರ್ಣನ ಕಥೆ. ಭಾರತದಲ್ಲಿ ಕಾಲಿಟ್ಟಲ್ಲೆಲ್ಲ ಯಾರಾದರೂ ಆಕೆಗೆ ಕರ್ಣನ ಕಥೆ ಹೇಳುತ್ತಾರೆ, ಟ್ಯಾಕ್ಸಿಯವನೂ ಹೇಳಿದ. ಸಂಜೆ ಹೋಟೆಲಿನಲ್ಲಿ ಆಕೆ ಹೇಳಿದ್ದು ಇಷ್ಟು: ‘ಕರ್ಣನ ತಾಯಿ ಯಾರೆಂದು ಗೊತ್ತಿದ್ದವರು ಆ ಕಥೆಯಲ್ಲೇ ಇದ್ದರಲ್ಲ. ಅವರಿಗೆ ಬೇಕಾದಾಗ, ಯುದ್ಧ ಹತ್ತಿರ ಬಂದಾಗ, ಹೇಳಿದರು. ನನ್ನ ಕಥೆಯಲ್ಲಿ ಗೊತ್ತಿರುವುದು ಒಂದು ಸ್ಕೇಲಿಗೆ.’

ಹದಿನಾರು ಮತ್ತು ಮೂವತ್ತು

ಅಂತರದೇಶೀಯ ದತ್ತಿಗೆ ಸಂಬಂಧಿಸಿದ 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಒಪ್ಪಿ ಸಹಿ ಸ್ಥಿರಪಡಿಸಿತು. ಮಗುವಿನ ಜನಾಂಗ, ಧರ್ಮ, ಸಂಸ್ಕೃತಿಯ ಹಿನ್ನೆಲೆಗೆ ಗಮನ ಕೊಡಬೇಕೆನ್ನುವುದು ಅದರ 16ನೇ ವಿಧಿ. ಮಗುವಿನ ಮೂಲದ ಬಗೆಗಿನ ಮಾಹಿತಿಯನ್ನು, ಮುಖ್ಯವಾಗಿ ಹೆತ್ತವರ ಗುರುತನ್ನು ಜೋಪಾನ ಮಾಡಬೇಕು, ಕಾನೂನು ಬಿಟ್ಟಷ್ಟು ಮಗುವಿಗೆ ತೋರಿಸಬೇಕು ಎನ್ನುವುದು 30ನೇದು. ಈ ವಿಷಯದ ಮೇಲೆ ನಾನು ಕೇಳಿದ ಭಾಷಣಗಳೆಲ್ಲ ಹದಿನಾರರ ಸುತ್ತಲೇ: ಹಬ್ಬ, ಉಡುಪು, ಊಟ, ಭಾಷೆ. ಅದು ಸುಲಭ, ಅದರಿಂದ ಯಾರಿಗೂ ತೊಂದರೆಯಿಲ್ಲ, ಫೋಟೋ ಚೆನ್ನಾಗಿ ಬರುತ್ತದೆ. ಮೂವತ್ತು ಕಷ್ಟ. ಅಲ್ಲಿ ಒಂದು ಕಾಗದ ಇರಬೇಕು, ಅದರಲ್ಲಿ ಬರೆದದ್ದು ನಿಜವಾಗಿರಬೇಕು, ಅದನ್ನು ಯಾರೋ ಇಲಿ-ಗೆದ್ದಲಿನಿಂದ ಕಾಪಾಡಿರಬೇಕು.

ಬರೆದದ್ದು ನಿಜವಾಗಿರಬೇಕು ಎಂಬುದನ್ನು ಸುಮ್ಮನೆ ಸೇರಿಸಿದ್ದಲ್ಲ. ದಕ್ಷಿಣ ಕೊರಿಯಾದ ಸತ್ಯ ಶೋಧನಾ ಆಯೋಗ 2025ರ ಮಾರ್ಚ್‌ನಲ್ಲಿ ಹೇಳಿದ್ದು ಇದನ್ನೇ: ಹೆತ್ತವರಿದ್ದ ಮಕ್ಕಳಿಗೂ ಅನಾಥರೆಂದು ದಾಖಲೆ ಸೃಷ್ಟಿಸಲಾಯಿತು, ಒಂದು ಮಗುವಿನ ಕಾಗದದಲ್ಲಿ ಇನ್ನೊಂದನ್ನು ಕಳಿಸಿದ್ದೂ ಉಂಟು. ಸ್ವೀಡನ್ ಸರ್ಕಾರ ನೇಮಿಸಿದ್ದ ಆಯೋಗ ಅದೇ ವರ್ಷ ಜೂನ್‌ನಲ್ಲಿ ವರದಿ ಕೊಟ್ಟು, ಹೊರದೇಶದ ದತ್ತನ್ನು ನಿಲ್ಲಿಸಿ, ದತ್ತು ಬಂದವರ ಕ್ಷಮೆ ಕೇಳಿ ಎಂದು ಶಿಫಾರಸು ಮಾಡಿತು. ಸುಮಾರು 60,000 ಮಕ್ಕಳು ದತ್ತು ಬಂದ ದೇಶ ಇದು; ಹೆಚ್ಚು ಮಕ್ಕಳನ್ನು ಕಳಿಸಿದ ದೇಶಗಳಲ್ಲಿ ಕೊರಿಯಾ, ಭಾರತ ಮುಂದೆ. ನಮ್ಮ ಪಕ್ಕದ ಚೆನ್ನೈಯಲ್ಲಿ ಬಡವರ ಮನೆಯ ಮಕ್ಕಳನ್ನು ಕದ್ದು, ಕಾಗದ ಹುಟ್ಟಿಸಿ ಹೊರದೇಶಕ್ಕೆ ದತ್ತು ಕೊಟ್ಟದ್ದು 2005ರಲ್ಲಿ ಬಯಲಾಯಿತು. ಅಂಥ ಮಗುವಿಗೆ ಭರತನಾಟ್ಯದ ಕ್ಲಾಸು ಕೊಡಿಸಿ ‘ಮೂಲದ ಪರಿಚಯ’ ಮಾಡಿಸಿದರು ಎಂದರೆ ಏನನ್ನೋಣ?

ಆಕೆ ಬಂದದ್ದು 1984ಕ್ಕೂ ಮೊದಲು. ವಕೀಲ ಲಕ್ಷ್ಮೀಕಾಂತ ಪಾಂಡೆಯವರು ಬರೆದ ಪತ್ರವನ್ನೇ ಅರ್ಜಿಯೆಂದು ತೆಗೆದುಕೊಂಡ ಸುಪ್ರೀಂ ಕೋರ್ಟು, ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ತೀರ್ಪಿನಲ್ಲಿ, ಮಗುವಿಗೆ ಮೊದಲು ದೇಶದೊಳಗೆ ಮನೆ ಹುಡುಕಿ, ಸಿಗದಿದ್ದರೆ ಮಾತ್ರ ಹೊರಗೆ ಎಂದು ಕಟ್ಟಳೆ ಮಾಡಿದ್ದು ಆ ವರ್ಷ. ಅದಕ್ಕೂ ಮೊದಲು 1890ರ ಪೋಷಕತ್ವ ಕಾಯ್ದೆಯಡಿ ಕೋರ್ಟಿನಲ್ಲಿ ಮಗುವಿನ ಪಾಲಕರೆಂದು ಆದೇಶ ಪಡೆದು ವಿಮಾನ ಹತ್ತಿಸುತ್ತಿದ್ದರು, ದತ್ತು ಆಗುತ್ತಿದ್ದದ್ದು ಅಲ್ಲಿ ಹೋದ ಮೇಲೆ. ಈಗ ಕೇಂದ್ರ ದತ್ತು ಪ್ರಾಧಿಕಾರ ಕಾರಾ ಇದೆ, ಆನ್‌ಲೈನ್ ಸರದಿ ಇದೆ, ಮಗುವನ್ನು ಒಪ್ಪಿಸಿದ ತಾಯಿ ಮನಸ್ಸು ಬದಲಿಸಲು 60 ದಿನ ಇದೆ. ಹದಿನೆಂಟು ತುಂಬಿದವರು ತಮ್ಮ ಮೂಲ ಹುಡುಕಿಕೊಡಿ ಎಂದು ತಾವೇ ಅರ್ಜಿ ಹಾಕಬಹುದು, ಅವರ ಪರವಾಗಿ ಮೂರನೆಯವರು ಹುಡುಕುವಂತಿಲ್ಲ. ತಾಯಿ ತಾನೇ ಒಪ್ಪಿಸಿದ್ದರೆ ಆಕೆ ಒಪ್ಪಬೇಕು.

ಈ ಕೊನೆಯ ನಿಯಮದ ಮೇಲೆ ನನಗೂ ಗೆಳತಿಗೂ ವಾದವೇ ಆಯಿತು. ಸ್ಕೇಲಿನ ಅಡಿಯ ಹೆಸರು ನನ್ನದೂ ಹೌದು ಎನ್ನುವುದು ಆಕೆಯ ವಾದ. ನನಗೆ ಆ ಇನ್ನೊಂದು ಹೆಂಗಸು ಕಣ್ಣಿಗೆ ಕಟ್ಟುತ್ತಾಳೆ. ಆಗ ಹದಿನೆಂಟೋ ಇಪ್ಪತ್ತೋ ಇದ್ದವಳಿಗೆ ಈಗ ಅರವತ್ತು ದಾಟಿರಬೇಕು. ಸೊಸೆ ಮೊಮ್ಮಕ್ಕಳಿರುವ ಮನೆ, ಗಂಡನಿಗೂ ಹೇಳದ ಒಂದು ವರ್ಷ. ಒಂದು ಮಧ್ಯಾಹ್ನ ಅಂಚೆಯಣ್ಣ ಕವರು ಕೊಟ್ಟರೆ ಓದುವವರು ಯಾರು? ಗುಟ್ಟು ಉಳಿಸುತ್ತೇವೆಂದು ಮಾತು ಕೊಟ್ಟೇ ಆಕೆಯಿಂದ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡಿರುತ್ತಾರೆ. ಆದರೆ ಗೆಳತಿ ಹೇಳಿದ ಒಂದು ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ: ಆ ಗುಟ್ಟು ತಾಯಿಯದೋ, ಆಕೆಯ ಮೇಲೆ ಹೇರಿದ್ದೋ ಎಂದು ಯಾರಾದರೂ ಆಕೆಯನ್ನು ಕೇಳಿದ್ದಾರಾ? ಸದ್ದಿಲ್ಲದೆ, ಮನೆಗೆ ಹೋಗದೆ, ಅನುಭವ ಇರುವ ಒಬ್ಬ ಹೆಂಗಸು ಹೋಗಿ ಒಂದು ಸಲ ಕೇಳುವ ಏರ್ಪಾಡಾದರೂ ಸರಿಯಾಗಿ ಇರಲಿ ಎನ್ನುವಲ್ಲಿಗೆ ಇಬ್ಬರೂ ಬಂದು ನಿಂತೆವು. ಅದಕ್ಕೆ ಖರ್ಚಾಗುವುದು ಒಂದು ಬಸ್ ಟಿಕೆಟು ಮತ್ತು ಸ್ವಲ್ಪ ವಿವೇಕ. ಸಮಾಜ ಕಾರ್ಯಕರ್ತೆ ಅರ್ಜಿ ತೆಗೆದುಕೊಂಡಿದ್ದಾಳೆ.

ಈಗ ಹೋಗುವ ಮಕ್ಕಳು

ಹದಿನಾರನೇ ವಿಧಿಯನ್ನು ಗೇಲಿ ಮಾಡಿದ ಹಾಗಾಯಿತು. ಆದರೆ ಅದು ಇವತ್ತಿನ ಮಕ್ಕಳಿಗೆ ನಿಜವಾಗಿ ಬೇಕಾದದ್ದು. ಈಗ ದೇಶದೊಳಗೇ ಸಾವಿರಾರು ದಂಪತಿಗಳು ಮಗುವಿಗಾಗಿ ವರ್ಷಗಟ್ಟಲೆ ಕಾಯುತ್ತಿದ್ದಾರೆ, ಅವರಿಗೆಲ್ಲ ಬೇಕಾದದ್ದು ಆರೋಗ್ಯವಾದ ಪುಟ್ಟ ಕೂಸು. 2024-25ರಲ್ಲಿ ದೇಶದಲ್ಲಿ ಆದ 4,515 ದತ್ತುಗಳಲ್ಲಿ 4,155 ದೇಶದೊಳಗಿನವೇ. ಹೊರಗೆ ಹೋಗುವವರು ಹೆಚ್ಚಾಗಿ ಇಲ್ಲಿ ಯಾರೂ ಬೇಡವೆಂದವರು: ಏಳೆಂಟು ವರ್ಷ ದಾಟಿದವರು, ಅಣ್ಣ-ತಂಗಿ ಜೊತೆಗಿರುವವರು, ಕಾಲು ಸರಿಯಿಲ್ಲದವರು, ಕಿವಿ ಕೇಳದವರು. ಇಟಲಿಗೋ ಸ್ಪೇನಿಗೋ ಅಮೆರಿಕಕ್ಕೋ ಹೋಗುತ್ತಾರೆ. ಬಳ್ಳಾರಿಯ ಬಾಲಮಂದಿರದಿಂದ ಎಂಟು ವರ್ಷದ ಹುಡುಗನೊಬ್ಬ ಹೋದ ಎಂದುಕೊಳ್ಳಿ. ಅವನ ಬಾಯಲ್ಲಿ ಕನ್ನಡ ಪೂರ್ತಿ ಇದೆ, ಬೈಗುಳ ಸಮೇತ. ಹಸಿವು, ಹೆದರಿಕೆ, ಜಗಳ, ಎಲ್ಲವೂ ಆ ಭಾಷೆಯಲ್ಲೇ. ವಿಮಾನ ಇಳಿದ ದಿನ ಅವನ ಮಾತು ತಿಳಿಯುವ ಒಬ್ಬರೂ ಸುತ್ತ ಇರುವುದಿಲ್ಲ. ಒಂದೆರಡು ವರ್ಷದಲ್ಲಿ ಭಾಷೆ ಹೋಗಿಯೇಬಿಡುತ್ತದೆ, ಅದರ ಜೊತೆ ಆ ಎಂಟು ವರ್ಷವನ್ನು ಹೇಳಿಕೊಳ್ಳುವ ದಾರಿಯೂ. ಅವನಿಗೆ ತಾಜ್‌ಮಹಲು ಬೇಡ. ವಾರಕ್ಕೊಮ್ಮೆ ‘ಏನೋ ಮಾರಾಯ, ಊಟ ಆಯ್ತೇನೋ?’ ಎನ್ನುವ ಒಂದು ಗಂಟಲು ಬೇಕು.

ಹೊರದೇಶದ ಕನ್ನಡ ಕೂಟಗಳು ಮಾಡಬಹುದಾದ ಕೆಲಸ ಇದು, ‘ಪಾಪ’ ಅನ್ನುವುದಕ್ಕಿಂತ ಕಷ್ಟದ್ದೇನಲ್ಲ. ಮಗು ಹೋದ ಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ ಅಲ್ಲಿಂದ ವರದಿ ಬರಬೇಕೆಂದು ಭಾರತದ ನಿಯಮ ಇದೆ. ಊರಿನ ಭಾಷೆ ಆಡುವವರು ಮಗುವಿಗೆ ಯಾರಾದರೂ ಸಿಕ್ಕಿದ್ದಾರೆಯೇ ಎಂದು ಆ ವರದಿಯಲ್ಲಿ ಕೇಳುವಂತಾಗಲಿ ಎಂಬುದು ನನ್ನ ಆಸೆ. ಸ್ವೀಡನ್ನಿನ ಶಾಲಾ ನಿಯಮದಲ್ಲಿ ಇದಕ್ಕೊಂದು ಒಳ್ಳೆಯ ಕಿಂಡಿಯಿದೆ. ಮನೆಯಲ್ಲಿ ದಿನವೂ ಆಡುವ ಭಾಷೆಯಾದರೆ ಮಾತ್ರ ಶಾಲೆಯಲ್ಲಿ ಮಾತೃಭಾಷೆಯ ಪಾಠ. ಆದರೆ ದತ್ತು ಬಂದ ಮಗುವಿಗೆ ಈ ಷರತ್ತು ಇಲ್ಲ, ಮನೆಯಲ್ಲಿ ಯಾರಿಗೂ ಆ ಭಾಷೆ ಬಾರದಿದ್ದರೂ ಕಲಿಯುವ ಹಕ್ಕಿದೆ. ಶಿಕ್ಷಕರು ಸಿಗಬೇಕು, ಕನಿಷ್ಠ ಐದು ಮಕ್ಕಳು ಆಗಬೇಕು, ಅದು ಬೇರೆ ಮಾತು. ಐದು ಮಕ್ಕಳನ್ನು ಒಟ್ಟು ಮಾಡುವುದು ಎಷ್ಟು ಕಷ್ಟ ಎನ್ನುವುದನ್ನು ನನ್ನ ಭಾನುವಾರದ ತರಗತಿ ನೋಡಿದವರಿಗೆ ಹೇಳಬೇಕಿಲ್ಲ.

ಗೆಳತಿ ಬೆಂಗಳೂರಿನಿಂದ ಬಂದ ಮೇಲೂ ತರಗತಿ ಬಿಡಲಿಲ್ಲ. ತೆಲುಗು ಸಂಘದವರಿಗೆ ಹೇಗೋ ಸುದ್ದಿ ಮುಟ್ಟಿ ಯುಗಾದಿಗೆ ಕರೆದಿದ್ದರು, ಹೋಗಿ ಪುಳಿಹೋರ ತಿಂದು ಬಂದಳು. ‘ಒಂದು ಲಿಪಿ ಕಲಿತರೆ ಇನ್ನೊಂದು ಅರ್ಧ ಬರುತ್ತದಂತಲ್ಲ, ಮೊದಲು ಇದು ಮುಗಿಯಲಿ’ ಅನ್ನುತ್ತಾಳೆ. ಕಳೆದ ತಿಂಗಳು ಮಗನ ಶಾಲೆಯಿಂದ ಮಾತೃಭಾಷೆ ಪಾಠದ ಅರ್ಜಿ ಬಂತು. ದತ್ತು ಬಂದವರಿಗೆ ಇರುವ ವಿನಾಯಿತಿ ಅವರ ಮಕ್ಕಳಿಗೆ ಇಲ್ಲ. ಅವರಿಗೆ ಎಲ್ಲರ ಷರತ್ತೇ. ಆದರೂ ಆಕೆ ಕನ್ನಡ ಎಂದು ಬರೆದಳು. ಮನೆಯಲ್ಲಿ ಈ ಭಾಷೆಯನ್ನು ಎಷ್ಟು ಬಳಸುತ್ತೀರಿ ಎಂಬ ಪ್ರಶ್ನೆಗೆ ‘ಭಾನುವಾರ, ಊಟದ ಹೊತ್ತಿಗೆ, ಮುಖ್ಯವಾಗಿ ತರಕಾರಿಗಳ ಬಗ್ಗೆ’ ಎಂದು ತುಂಬಿದ್ದಾಳೆ. ಹೆಡ್‌ಮಾಸ್ಟರು ಫೋನ್ ಮಾಡುತ್ತೇನೆ ಎಂದಿದ್ದಾರಂತೆ.